ಎರಡು ಬಾಗಿಲಿನ ಕೋಣೆ

ಜೂನ್ ೪

ಗುಂಗುರು,

ಕ್ಷೇಮ ಎಂದು ಬರೆದರೆ ನೀನು ನಂಬುವುದಿಲ್ಲ, ಕ್ಷೇಮವಿಲ್ಲ ಎಂದು ಬರೆದರೆ ಊಟ ಬಿಡುತ್ತೀಯ. ಅದಕ್ಕೆ ಇರುವುದನ್ನು ಇದ್ದ ಹಾಗೆ ಬರೆಯುತ್ತೇನೆ.

ನಿನ್ನೆ ಸಿಸ್ಟರ್ ನನ್ನ ಕಿವಿಗೆ ಫೋನ್ ಹಿಡಿದರಲ್ಲ, ನೀನು ಏನೇನೋ ಹೇಳಿದೆ, ನಾನು "ಹಾಂ, ಹಾಂ" ಅಂದೆ. ಒಂದಕ್ಷರ ಕೇಳಿಸಿಲ್ಲ. ನನ್ನ ಕಿವಿಯ ಕಥೆ ನಿನಗೆ ಗೊತ್ತಿದ್ದದ್ದೇ. ಅಂಗಡಿಯಲ್ಲಾದರೆ ಎದುರಿಗೆ ಕನ್ನಡಿ ಇತ್ತು. ಗಿರಾಕಿಯ ತುಟಿ ನೋಡಿಕೊಂಡೇ ಇಷ್ಟು ವರ್ಷ ಸಂಭಾಳಿಸಿದೆ, ಅರ್ಧ ಊರಿಗೆ ನಾನು ಕಿವುಡ ಎಂಬುದೇ ತಿಳಿಯದು. ಇಲ್ಲಿ ಬರುವವರೆಲ್ಲ ಮಾಸ್ಕ್ ಹಾಕಿಕೊಂಡೇ ಬರುತ್ತಾರೆ. ಈ ಕೋಣೆಗೆ ಬಂದಾಗಿನಿಂದ ನಾನು ಒಂದೇ ಒಂದು ತುಟಿ ನೋಡಿಲ್ಲ. ಏನಾದರೂ ಹೇಳಬೇಕಾದರೆ ಬಿಳಿ ಬೋರ್ಡಿನ ಮೇಲೆ ಬರೆದು ತೋರಿಸುತ್ತಾರೆ, ಅದೂ ಮೂರು ಪದಕ್ಕಿಂತ ಹೆಚ್ಚಿಲ್ಲ. "ಊಟ ಆಯ್ತಾ?" "ನೋವು ಇದ್ಯಾ?" ಅಷ್ಟೇ.

ಕೋಣೆಗೆ ಎರಡು ಬಾಗಿಲು. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುವುದು. ನಡುವೆ ಬಚ್ಚಲಿನಷ್ಟು ಜಾಗ, ಅಲ್ಲಿ ಕೈ ತೊಳೆಯುತ್ತಾರೆ, ಗೌನು ತೊಡುತ್ತಾರೆ. ಕಿಟಕಿ ಇದೆ, ತೆರೆಯುವುದಿಲ್ಲ. ಆಚೆ ಇನ್ನೊಂದು ಕಟ್ಟಡದ ಗೋಡೆ, ಗೋಡೆಯ ಮೇಲೆ ಒಂದು ನೀರಿನ ಪೈಪು. ನೋಡಿ ನೋಡಿ ಆ ಪೈಪಿನ ಜೊತೆ ಸಲುಗೆ ಬೆಳೆದಿದೆ.

ಆದದ್ದು ಇಷ್ಟು. ಅಂಗಡಿಯ ದೊಡ್ಡ ಕುರ್ಚಿಗೆ ಕಾಲಿಡುವ ಕಬ್ಬಿಣವಿದೆಯಲ್ಲ, ಅದರ ಅಂಚು ಮೊಣಕಾಲ ಕೆಳಗೆ ಗೀರಿತು. ನಮ್ಮ ಮನೆಯಲ್ಲಿ ಗೀರನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ? ಸಕ್ಕರೆ ಕಾಯಿಲೆಯ ಕಾಲು, ಮಾಯಲಿಲ್ಲ. ಮೆಡಿಕಲ್ ಶಾಪಿನವನು ಆಂಟಿಬಯೋಟಿಕ್ ಕೊಟ್ಟ. ನೋವು ನಿಂತಿತು, ಬಿಟ್ಟೆ. ಮತ್ತೆ ಬಂತು, ಮತ್ತೆ ನುಂಗಿದೆ, ಮತ್ತೆ ಬಿಟ್ಟೆ. ಈಗ ಮೂಳೆ ಡಾಕ್ಟರು ಬೋರ್ಡಿನ ಮೇಲೆ ಬರೆದದ್ದು: "ಯಾವ ಮಾತ್ರೇನೂ ಹತ್ತಲ್ಲ." ಅರ್ಧಂಬರ್ಧ ಏಟು ತಿಂದ ರೋಗಾಣುಗಳು ಮೈ ಗಟ್ಟಿ ಮಾಡಿಕೊಂಡಿವೆಯಂತೆ. ಬೇರೆ ರೋಗಿಗಳಿಗೆ ಅಂಟಬಾರದೆಂದು ನನ್ನನ್ನು ಇಲ್ಲಿ ಕೂಡಿಹಾಕಿದ್ದಾರೆ. ಗಾಯ ಹೀಗೇ ಇದ್ದರೆ ಮಂಡಿಯ ಕೆಳಗೆ ತೆಗೆಯಬೇಕಂತೆ. ಅದನ್ನು ಅವರು ಬರೆಯಲಿಲ್ಲ, ಕೈಯಲ್ಲಿ ತೋರಿಸಿದರು. ಮರ ಕೊಯ್ಯುವವರು ತೋರಿಸುವ ಹಾಗೆ.

ನಮ್ಮ ಕಸುಬು ನಿಂತು ಮಾಡುವುದು. ಒಂಟಿ ಕಾಲಲ್ಲಿ ರೇಜರ್ ಹಿಡಿದು ನಿಂತವನ ಮುಂದೆ ಯಾವ ಧೈರ್ಯಶಾಲಿ ಕತ್ತು ಚಾಚುತ್ತಾನೆ? ಅಂಗಡಿಯನ್ನು ನಿನ್ನ ಚಿಕ್ಕಪ್ಪ ನೋಡಿಕೊಳ್ಳುತ್ತಿದ್ದಾನೆ. ನೋಡಿಕೊಳ್ಳುವುದು ಎಂದರೆ ಪೇಪರ್ ಓದುವುದು.

ನೀನು ಗಾಯಕ್ಕೆ ಕಟ್ಟುವ ಪಟ್ಟಿ ತಯಾರಿಸುವ ಕೆಲಸದಲ್ಲಿದ್ದೀಯಲ್ಲ, ಮಾತ್ರೆಯಿಲ್ಲದೆ ರೋಗಾಣು ಕೊಲ್ಲುತ್ತದೆ ಎಂದಿದ್ದೆಯಲ್ಲ, ಅದನ್ನು ತೆಗೆದುಕೊಂಡು ಬಾ. ಬರುವುದು ಮುಖ್ಯ. ಈ ಕೈ ಎಷ್ಟು ಜನರ ಗಲ್ಲ ಹಿಡಿದು ಆಚೆ ಈಚೆ ತಿರುಗಿಸಿದೆಯೋ ಲೆಕ್ಕವಿಲ್ಲ. ಈಗ ನನ್ನನ್ನು ಮುಟ್ಟುವುದು ಬರೀ ರಬ್ಬರು.

ಇಲ್ಲಿಂದ ಒಂದು ಚೂರು ಕಾಗದವೂ ಹೊರಗೆ ಹೋಗುವಂತಿಲ್ಲ. ಆದ್ದರಿಂದ ನಾನು ಇದನ್ನು ಬಾಗಿಲ ಗಾಜಿಗೆ ಹಿಡಿಯುತ್ತೇನೆ, ಸಿಸ್ಟರ್ ಆಚೆಯಿಂದ ಫೋಟೋ ಹೊಡೆದು ನಿನ್ನ ಫೋನಿಗೆ ಕಳಿಸುತ್ತಾರೆ. ಅವರು ಗಡಿಯಾರ ನೋಡಿಯೇ ಉಸಿರಾಡುವವರು, ನಾನು ಗಡಿಯಾರ ಸಿಸ್ಟರ್ ಎಂದು ಹೆಸರಿಟ್ಟಿದ್ದೇನೆ. ಈಗ ಓದುತ್ತಿದ್ದಾರೆ, ಓದಲಿ.

ನಿನ್ನ ಅಪ್ಪ


ಜೂನ್ ೭

ಅಪ್ಪಾ,

ಫೋನಿನಲ್ಲಿ ನಾನು ಹೇಳಿದ್ದು "ಅಪ್ಪಾ, ನಾನು ಬರೋಕಾಗಲ್ಲ" ಅಂತ. ನೀನು "ಹಾಂ, ಹಾಂ" ಅಂದೆ. ನಿನಗೆ ಬೇಸರವಾಗಲಿಲ್ಲವಲ್ಲ ಎಂದು ನನಗೆ ಸಮಾಧಾನವಾಗಿತ್ತು. ಎಂಥ ಸಮಾಧಾನ ನೋಡು.

ಯಾಕೆ ಬರಲಾಗುವುದಿಲ್ಲ ಎಂದು ಬಿಡಿಸಿ ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳದೆ ಓದು. ನಮ್ಮ ಪಟ್ಟಿ ತಯಾರಾಗುವುದು ಕ್ಲೀನ್ ರೂಮಿನಲ್ಲಿ. ಒಂದು ಕೂದಲೂ ಬೀಳಬಾರದು. ನನ್ನ ಈ ಗುಂಗುರು ಕೂದಲಿಗೆ ಎರಡು ಟೋಪಿ ಹಾಕುತ್ತಾರೆ. ನಿನ್ನಂಥ ರೋಗಿಯ ಕೋಣೆಗೆ ಹೋಗಿ ಬಂದವರನ್ನು ವಾರಗಟ್ಟಲೆ ಅಲ್ಲಿಗೆ ಬಿಡುವುದಿಲ್ಲ. ಮೂಗು, ಗಂಟಲು, ಕೈ ಎಲ್ಲದರ ಪರೀಕ್ಷೆ ಮತ್ತೆ ಮತ್ತೆ ಶುದ್ಧ ಎಂದು ಬರಬೇಕು. ಪಟ್ಟಿ ಮಾಡಲು ಬರುವುದು ಇಬ್ಬರಿಗೆ. ಇನ್ನೊಬ್ಬಳು ಹೆರಿಗೆ ರಜೆಯಲ್ಲಿದ್ದಾಳೆ. ನಾನು ನಿನ್ನನ್ನು ನೋಡಲು ಬಂದರೆ ನಿನಗೆ ಪಟ್ಟಿ ಮಾಡುವವರಿಲ್ಲ. ಪಟ್ಟಿ ಮಾಡಬೇಕಾದರೆ ನಿನ್ನನ್ನು ನೋಡುವ ಹಾಗಿಲ್ಲ. ನಿನಗೆ ಎರಡು ಬಾಗಿಲು ಅಂದೆಯಲ್ಲ, ನನಗೂ ಅಷ್ಟೇ.

ಪಟ್ಟಿಯಲ್ಲಿ ಇರುವುದು ಕಿಣ್ವ. ರೋಗಾಣುವಿಗೆ ಸುತ್ತ ಒಂದು ಗೋಡೆ ಇರುತ್ತದೆ. ರೋಗಾಣುವನ್ನೇ ತಿಂದು ಬದುಕುವ ಇನ್ನೂ ಸಣ್ಣ ಜೀವಿಗಳಿವೆ. ಅವು ಒಳಗೆ ಮರಿ ಮಾಡಿ ಹೊರಗೆ ಬರುವಾಗ ಗೋಡೆ ಕತ್ತರಿಸಲು ಒಂದು ಕತ್ತರಿ ಇಟ್ಟುಕೊಂಡಿರುತ್ತವೆ. ಆ ಕತ್ತರಿಯೇ ಈ ಕಿಣ್ವ. ನಾವು ಅದನ್ನು ಬೆಳೆಸಿ, ಮೆತ್ತನೆಯ ಪಟ್ಟಿಯೊಳಗೆ ಕೂರಿಸುತ್ತೇವೆ. ಗೋಡೆ ಕತ್ತರಿಸಿದರೆ ರೋಗಾಣು ತಾನಾಗಿ ಒಡೆದುಹೋಗುತ್ತದೆ. ಮಾತ್ರೆಗೆ ಬಗ್ಗದ್ದೂ ಇದಕ್ಕೆ ಬಗ್ಗುತ್ತದೆ. ನಿನ್ನ ಮೈಗೆ ಏನೂ ಮಾಡುವುದಿಲ್ಲ, ಈ ಕತ್ತರಿಗೆ ಆ ಗೋಡೆ ಒಂದೇ ಗೊತ್ತು. ಇದೇ ಜಾತಿಯ ಇನ್ನೊಂದು ಕಿಣ್ವ ನಮ್ಮೆಲ್ಲರ ಕಣ್ಣೀರಿನಲ್ಲೂ ಇದೆ.

ಇದಿನ್ನೂ ಪರೀಕ್ಷೆಯ ಹಂತದಲ್ಲಿದೆ, ಅಂಗಡಿಯಲ್ಲಿ ಸಿಗುವುದಿಲ್ಲ. ಬೇರೆ ದಾರಿಯೇ ಇಲ್ಲದವರಿಗೆ ಸಮಿತಿಯೊಂದು ವಿಶೇಷ ಅನುಮತಿ ಕೊಡುತ್ತದೆ. ನಿನ್ನ ಡಾಕ್ಟರ ಹತ್ತಿರ ಅರ್ಜಿ ಹಾಕಿಸಿದ್ದೇನೆ. ನನ್ನ ಕಾಗದ ಅಂಚೆಯಲ್ಲಿ ಬರುತ್ತದೆ, ಲಕೋಟೆ ಅಂಟಿಸಿ ಕಳಿಸುತ್ತೇನೆ. ನನ್ನದನ್ನಾದರೂ ನೀನೊಬ್ಬನೇ ಓದು.

ಗುಂಗುರು


ಜೂನ್ ೧೫

ಗುಂಗುರು,

ಕಣ್ಣೀರಿನಲ್ಲೂ ಇದೆ ಎಂದು ಮೊದಲೇ ಹೇಳಬಾರದಿತ್ತೇ? ನಿನ್ನ ಚಿಕ್ಕಮ್ಮನನ್ನು ಕರೆಸಿ ಕಾಲ ಬಳಿ ಕೂರಿಸಿದ್ದರೆ ಸಾಕಿತ್ತು. ಧಾರಾವಾಹಿ ಶುರುವಾಗುವ ಮೊದಲೇ ಅಳುವವಳು, ಇಷ್ಟು ಹೊತ್ತಿಗೆ ನನ್ನ ಗಾಯ ಮಾಯ್ದು ಊರ ಗಾಯವೂ ಮಾಯುತ್ತಿತ್ತು.

ಸಿಟ್ಟು ಮಾಡಿಕೊಳ್ಳಬೇಡ ಎಂದೆ. ಮಾಡಿಕೊಂಡೆ. ಒಂದು ದಿನ ಪೂರ್ತಿ ಮಾಡಿಕೊಂಡೆ. "ಮಗಳು ಯಾವಾಗ ಬರ್ತಾರೆ?" ಎಂದು ಸಿಸ್ಟರ್ ಬೋರ್ಡಿನಲ್ಲಿ ಬರೆದರು. "ಅವಳಿಗೆ ಕೆಲಸ ಇದೆ" ಅಂದೆ. ಅವರು ಹುಬ್ಬು ಏರಿಸಿದರು. ಮಾಸ್ಕ್ ಮೇಲೆ ಹುಬ್ಬೊಂದೇ ಕಾಣುವುದು, ಅದು ಏರಿದರೆ ಎಷ್ಟು ಅರ್ಥವಾಗುತ್ತದೆ ಗೊತ್ತೇ? ಆಮೇಲೆ ನಿನ್ನ ಕಾಗದವನ್ನು ಮತ್ತೊಮ್ಮೆ ಓದಿದೆ. ಸರಿ, ಇರಲಿ. ಬರಬೇಡ. ಪಟ್ಟಿ ಮಾಡು.

ನನ್ನ ಶೇವಿಂಗ್ ಡಬ್ಬಿಯನ್ನು ಮನೆಯಿಂದ ತರಿಸಿಕೊಂಡೆ. ಒಳಗೆ ಬಂದದ್ದು ಮತ್ತೆ ಹೊರಗೆ ಹೋಗುವುದಿಲ್ಲ ಎಂದು ಮೊದಲೇ ಹೇಳಿದರು. ಬ್ರಷ್ಷು, ಸೋಪು, ಅಂಗೈ ಕನ್ನಡಿ, ಗೀರಾದರೆ ಒರೆಸುವ ಪಟಿಕದ ಕಲ್ಲು. ರೇಜರ್ ಮಾತ್ರ ಬಿಡಲಿಲ್ಲ, ಪ್ಲಾಸ್ಟಿಕ್ಕಿನದು ಕೊಟ್ಟರು. ಅದರಲ್ಲಿ ಕೆರೆದುಕೊಂಡರೆ ಕೋಳಿ ಪುಕ್ಕ ಕಿತ್ತ ಹಾಗಿರುತ್ತದೆ. ಆದರೂ ದಿನಾ ಬೆಳಿಗ್ಗೆ ಗಡ್ಡ ಹೆರೆದು, ಪಟಿಕ ಒರೆಸಿ, ಮುಖ ತೊಳೆದು ಕೂರುತ್ತೇನೆ. ಯಾರೂ ಬರುವುದಿಲ್ಲ, ಆದರೆ ಬಂದರೆ?

ಪಕ್ಕದ ಕೋಣೆಯಲ್ಲೂ ನನ್ನ ಹಾಗೇ ಒಬ್ಬರನ್ನು ಕೂಡಿಹಾಕಿದ್ದಾರೆ. ಬಸ್ ಓಡಿಸುವ ಹೆಂಗಸಂತೆ, ಬೋರ್ಡಿನ ಮೇಲೆ ಮೂರು ಮೂರು ಪದವಾಗಿ ತಿಳಿದ ಸುದ್ದಿ. ರೇಡಿಯೇಟರ್ ಬಿಚ್ಚುವಾಗ ಬಿಸಿನೀರು ಹಾರಿ ತೋಳು ಬೆಂದು, ಅದಕ್ಕೂ ಇದೇ ರೋಗಾಣು ಹತ್ತಿದೆ. ನೋಡಿಲ್ಲ. ಸಂಜೆ ಈ ಡ್ರೈವರಮ್ಮ ಗೋಡೆ ತಟ್ಟುತ್ತಾಳೆ. ನನಗೆ ಕೇಳಿಸುವುದಿಲ್ಲ, ಅಂಗೈ ಇಟ್ಟರೆ ಗೋಡೆ ಅದುರುವುದು ತಿಳಿಯುತ್ತದೆ. ನಾನೂ ತಟ್ಟುತ್ತೇನೆ. ಇಬ್ಬರೂ ಇದ್ದೀವಿ ಎಂದು ಗೊತ್ತಾಗಲು ಅಷ್ಟು ಸಾಕು.

ನಿನ್ನ ಅಪ್ಪ


ಜುಲೈ ೨

ಅಪ್ಪಾ,

ಅನುಮತಿ ಬಂತು! ಸುದ್ದಿ ಬಂದಾಗ ನಾನು ಕ್ಲೀನ್ ರೂಮಿನಲ್ಲಿದ್ದೆ, ಗಾಜಿನ ಆಚೆಯಿಂದ ನಮ್ಮ ಮೇಡಂ ಹೆಬ್ಬೆರಳು ತೋರಿಸಿದರು. ಒಳಗೆ ಕುಣಿಯುವಂತಿಲ್ಲ, ಧೂಳೇಳುತ್ತದೆ. ನಿಂತಲ್ಲೇ ಕಾಲ್ಬೆರಳುಗಳನ್ನು ಕುಣಿಸಿದೆ.

ನಾಡಿದ್ದು ತಣ್ಣನೆಯ ಪೆಟ್ಟಿಗೆಯಲ್ಲಿ ಪಟ್ಟಿಗಳು ಬರುತ್ತವೆ. ಒಂದೊಂದನ್ನೂ ನಾನೇ ಮಾಡಿದ್ದೇನೆ. ಸಿಸ್ಟರಿಗೆ ವಿವರವಾಗಿ ಬರೆದಿದ್ದೇನೆ, ನಿನಗೂ ಹೇಳುತ್ತೇನೆ. ಹಳೆಯ ಪಟ್ಟಿ ತೆಗೆದ ಮೇಲೆ ಸಲೈನ್ ನೀರಿನಲ್ಲಿ ಮಾತ್ರ ತೊಳೆಯಬೇಕು. ಯಾವ ಔಷಧಿಯನ್ನೂ ಹಚ್ಚಬಾರದು. ಮುಲಾಮಿಲ್ಲ, ಅಯೋಡಿನ್ ಇಲ್ಲ, ಸ್ಪಿರಿಟ್ ಇಲ್ಲ. ಕಿಣ್ವ ಬಲು ನಾಜೂಕು, ಬೇರೆ ಔಷಧಿ ತಾಗಿದರೆ ಕೆಟ್ಟುಹೋಗುತ್ತದೆ. ನೀನು ಅಂಗಡಿಯಲ್ಲಿ ಎಲ್ಲದಕ್ಕೂ ಸ್ಪಿರಿಟ್ ಸುರಿಯುವವನು, ಅದಕ್ಕೇ ಎರಡು ಸಲ ಹೇಳುತ್ತಿದ್ದೇನೆ. ಔಷಧಿ ಹಚ್ಚಬೇಡ.

ಅಮ್ಮ ಇದ್ದಿದ್ದರೆ "ನಿಮ್ಮಪ್ಪಂಗೆ ಹೇಳೋದೂ ಒಂದೇ, ಆ ಕುರ್ಚಿಗೆ ಹೇಳೋದೂ ಒಂದೇ" ಎನ್ನುತ್ತಿದ್ದಳು. ಈ ಒಂದು ಸಲ ಕೇಳಪ್ಪ.

ಗುಂಗುರು


ಜುಲೈ ೧೨

ಗುಂಗುರು,

ನಿನ್ನ ಪಟ್ಟಿ ನನ್ನ ಕಾಲ ಮೇಲಿದೆ. ತಣ್ಣಗೆ, ಮೆತ್ತಗೆ, ನೀನು ಚಿಕ್ಕವಳಾಗಿದ್ದಾಗ ನಿದ್ದೆಯಲ್ಲಿ ನನ್ನ ಮೇಲೆ ಕೈ ಹಾಕುತ್ತಿದ್ದೆಯಲ್ಲ, ಹಾಗೆ. ಇದನ್ನು ನೀನು ಮಾಡುವಾಗ ಗ್ಲೌಸ್ ಹಾಕಿರುತ್ತೀಯ ಎಂದು ಗೊತ್ತು. ಆದರೂ.

ನಡೆಯುವ ಕ್ರಮ ಹೇಳುತ್ತೇನೆ, ನಿನಗೆ ಸಮಾಧಾನವಾಗಲಿ. ಸಿಸ್ಟರ್ ಬಂದು ಹಳೆಯದನ್ನು ಬಿಚ್ಚಿ, ಸಲೈನಿನಲ್ಲಿ ತೊಳೆಯುತ್ತಾರೆ. ಆಮೇಲೆ ಗ್ಲೌಸ್ ಬದಲಿಸಿ ಹೊಸ ಪಟ್ಟಿ ತರಲು ಎರಡು ಬಾಗಿಲ ನಡುವಿನ ಜಾಗಕ್ಕೆ ಹೋಗುತ್ತಾರೆ. ಅಲ್ಲಿಯವರೆಗೆ ಗಾಯ ತೆರೆದೇ ಇರುತ್ತದೆ. ನಾನೂ ಕೈ ಕಟ್ಟಿ ಕೂತಿರುವುದಿಲ್ಲ, ಅಂಚೆಲ್ಲ ಚೊಕ್ಕಟವಾಗಿ ಇಟ್ಟುಕೊಳ್ಳುತ್ತೇನೆ. ಔಷಧಿಯ ವಿಷಯದಲ್ಲಿ ನಿನ್ನ ಮಾತು ಮೀರಿಲ್ಲ. ಮೊನ್ನೆ ಬೇರೆ ಸಿಸ್ಟರ್ ಒಬ್ಬರು ಅಯೋಡಿನ್ ಬಾಟಲಿ ಎತ್ತಿದರು, ನಾನು ಕೂಗಿದ ಕೂಗಿಗೆ ಪಾಪ ಬಾಟಲಿಯನ್ನೇ ಕೆಳಗೆ ಹಾಕಿದರು.

ಅಂಚು ಬೆಳ್ಳಗೆ ಬಿಗಿಯಾಗಿದೆ. ನಡುವೆ ಮಾತ್ರ ಕೀವು ಹಾಗೇ ಇದೆ. ಇಷ್ಟು ಬೇಗ ಏನಾದೀತು, ಅಲ್ಲವೇ?

ಡ್ರೈವರಮ್ಮನಿಗೂ ಇದೇ ಪಟ್ಟಿಗೆ ಅರ್ಜಿ ಹಾಕಿದ್ದಾರಂತೆ. ನನ್ನ ಕಾಲು ಏನಾಗುತ್ತದೆ ಎಂದು ನೋಡಿಕೊಂಡು ಕೊಡುತ್ತಾರಂತೆ. ನಿನ್ನೆ ಗೋಡೆಯನ್ನು ಜೋರಾಗಿಯೇ ತಟ್ಟಿದಳು.

ನಿನ್ನ ಅಪ್ಪ


ಜುಲೈ ೨೬

ಗುಂಗುರು,

ಕೆಲಸ ಮಾಡುತ್ತಿಲ್ಲ, ಮಗಳೇ.

ವಾಸನೆ ಬರುತ್ತಿದೆ. ಸಿಸ್ಟರ್ ಈಗ ನನ್ನ ಮುಖ ನೋಡುವುದಿಲ್ಲ, ಕಾಲು ನೋಡಿ ಹೋಗಿಬಿಡುತ್ತಾರೆ. ಮೂಳೆ ಡಾಕ್ಟರು ಬಂದರು, ಬೋರ್ಡನ್ನೇ ತೆಗೆದುಕೊಳ್ಳಲಿಲ್ಲ. ಮುಂದಿನ ತಿಂಗಳಲ್ಲಿ ಒಂದು ದಿನ ಗುರುತು ಹಾಕಿಕೊಂಡಿದ್ದಾರೆ. ಡ್ರೈವರಮ್ಮನ ಅರ್ಜಿಯನ್ನೂ ಪಕ್ಕಕ್ಕೆ ಇಟ್ಟಿದ್ದಾರೆ. ನನ್ನ ಮೇಲೆ ಸೋತದ್ದನ್ನು ಅವಳಿಗೆ ಯಾಕೆ ಎಂದು.

ಕಿಟಕಿಯ ಪೈಪು ಸೋರಲು ಶುರುವಾಗಿದೆ. ಹೊರಗೆ ಯಾರಿಗಾದರೂ ಹೇಳೋಣವೆಂದರೆ ಕಿಟಕಿ ತೆರೆಯುವುದಿಲ್ಲ. ಗಾಜು ಬಡಿದೆ, ಯಾರೂ ತಿರುಗಿ ನೋಡಲಿಲ್ಲ. ಪೈಪಿನ ವಿಷಯಕ್ಕೆ ಅಷ್ಟು ಹೊತ್ತು ಯಾಕೆ ಬಡಿದೆನೋ ನನಗೇ ಗೊತ್ತಿಲ್ಲ. ಇಲ್ಲಿಂದ ಹೊರಗೆ ಹೋಗಬೇಕು ಗುಂಗುರು. ಕಾಲಿರಲಿ, ಇಲ್ಲದಿರಲಿ.

ನೀನು ಬೇಸರ ಮಾಡಿಕೊಳ್ಳಬೇಡ. ಕತ್ತರಿ ಚೆನ್ನಾಗಿಯೇ ಇರಬೇಕು, ಕೂದಲೇ ಸರಿಯಿಲ್ಲ.

ಅಪ್ಪ


ಆಗಸ್ಟ್ ೧

ಅಪ್ಪಾ,

ಇದನ್ನು ಓದುವಾಗ ಬಾಗಿಲಿಗೆ ಬೆನ್ನು ಮಾಡಿ ಕೂತುಕೋ.

ನಿನ್ನ ಗಾಯದ ರೋಗಾಣು ನಮ್ಮ ಲ್ಯಾಬಿನ ಗಾಜಿನ ತಟ್ಟೆಯಲ್ಲಿ ನಮ್ಮ ಕಿಣ್ವ ತಾಗಿದ ತಕ್ಷಣ ಸಾಯುತ್ತದೆ. ಮತ್ತೆ ಮತ್ತೆ ನೋಡಿದರು. ತಟ್ಟೆಯಲ್ಲಿ ಸಾಯುವುದು ಕಾಲ ಮೇಲೆ ಯಾಕೆ ಸಾಯುತ್ತಿಲ್ಲ ಎಂದು ಯಾರಿಗೂ ತಿಳಿಯಲಿಲ್ಲ. ಸಿಸ್ಟರ್ ಮೊಹರು ಮಾಡಿ ವಾಪಸು ಕಳಿಸಿದ ಹಳೆಯ ಪಟ್ಟಿಗಳನ್ನು ನಿನ್ನೆ ಪಕ್ಕದ ವಿಭಾಗದವರು ಬಿಡಿಸಿದರು. ಕಿಣ್ವವೆಲ್ಲ ಹಾಲು ಒಡೆದ ಹಾಗೆ ಗರಣೆಗಟ್ಟಿ ಕೂತಿತ್ತು. ಅದರಲ್ಲಿ ಅಲ್ಯೂಮಿನಿಯಂ ಸಿಕ್ಕಿತು. ಯಾವುದೋ ಪಾತ್ರೆಯಿಂದ ಬಂದಿರಬೇಕು ಎಂದು ಮಾತಾಡಿಕೊಂಡರು.

ನಾನು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಅಂಗಡಿಯ ಕನ್ನಡಿ ಕಟ್ಟೆಯ ಮೇಲೆ ಸದಾ ಒದ್ದೆಯಾಗಿರುವ ಒಂದು ಕಲ್ಲು, ಅದರ ಸುತ್ತ ಬಿಳಿ ಕರೆ. ಚಿಕ್ಕಂದಿನಲ್ಲಿ ನಾನು ಬಿದ್ದು ಬಂದಾಗಲೆಲ್ಲ ನೀನು "ಬಾ, ಪಟಿಕ ಒರೆಸ್ತೀನಿ, ಉರಿಯಲ್ಲ" ಎಂದು ಸುಳ್ಳು ಹೇಳುತ್ತಿದ್ದೆ. ಅಪ್ಪಾ, ಸಿಸ್ಟರ್ ಪಟ್ಟಿ ತರಲು ಹೋದಾಗ ನೀನು ಪಟಿಕ ಒರೆಸುತ್ತಿದ್ದೀಯ, ಅಲ್ಲವೇ? ಪಟಿಕದಲ್ಲಿ ಅಲ್ಯೂಮಿನಿಯಂ ಇದೆ. ಅದು ರಕ್ತ ನಿಲ್ಲಿಸುವ ಬಗೆಯೇ ಹಾಗೆ, ತಾಗಿದ್ದನ್ನೆಲ್ಲ ಹೆಪ್ಪುಗಟ್ಟಿಸುವುದು. ಕಿಣ್ವವನ್ನೂ ಹೆಪ್ಪುಗಟ್ಟಿಸಿದೆ.

ಔಷಧಿ ಹಚ್ಚಬೇಡ ಎಂದು ಬರೆದೆ. ನಮ್ಮ ಮನೆಯಲ್ಲಿ ಪಟಿಕ ಯಾವತ್ತು ಔಷಧಿಯಾಗಿತ್ತು? ಬೇರೆ ಯಾರಿಗೂ ಹೊಳೆಯದಿರಬಹುದು. ನನಗೆ ಹೊಳೆಯಬೇಕಿತ್ತು. ನಾನು ಆ ಕಲ್ಲಿನ ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡಿದವಳು.

ಈಗ ಕೇಳು. ಇದು ಇನ್ನೂ ನನ್ನೊಬ್ಬಳಿಗೆ ಗೊತ್ತು. ನಿಜ ಬರೆದರೆ, ರೋಗಿಯೇ ಕೈಯಾಡಿಸಿದ್ದಾನೆ ಎಂದು ಸಮಿತಿ ನಿನ್ನ ಅನುಮತಿಯನ್ನು ರದ್ದು ಮಾಡಬಹುದು, ನಿಯಮ ಹಾಗಿದೆ. ಬರೆಯದಿದ್ದರೆ ಪಟ್ಟಿ ಸೋತಿತು ಎಂದೇ ದಾಖಲಾಗುತ್ತದೆ. ಡ್ರೈವರಮ್ಮನಿಗೆ ಸಿಗುವುದಿಲ್ಲ, ಆಮೇಲೆ ಇನ್ನಾರಿಗೂ ಸಿಗುವುದು ಕಷ್ಟ. ಆದರೆ ಪೆಟ್ಟಿಗೆಯಲ್ಲಿ ಇನ್ನೂ ಪಟ್ಟಿಗಳಿವೆ. ನೀನು ಇವತ್ತೇ ಪಟಿಕ ಬಿಟ್ಟು, ಏನೂ ಹೇಳದೆ ಇದ್ದುಬಿಟ್ಟರೆ ನಿನ್ನ ಕಾಲು ಉಳಿಯಬಹುದು. ಇಂಥದ್ದನ್ನು ನಾನು ಯೋಚಿಸಿದೆ ಎಂದು ನನಗೇ ನಾಚಿಕೆ. ಆದರೂ ಯೋಚಿಸಿದೆ, ಯಾಕೆಂದರೆ ಕಾಲು ನಿನ್ನದು.

ನೀನು ಏನು ಬರೆದರೂ ಗಾಜಿಗೆ ಹಿಡಿಯಬೇಕು, ಸಿಸ್ಟರ್ ಓದುತ್ತಾರೆ. ಅದಕ್ಕೆ ಹೀಗೆ ಮಾಡೋಣ. ನಿನ್ನಿಂದ ಕಾಗದ ಬರದಿದ್ದರೆ ನಾನು ಅರ್ಥ ಮಾಡಿಕೊಂಡು ಸುಮ್ಮನಿರುತ್ತೇನೆ. ಪಟಿಕವನ್ನು ಮಾತ್ರ ಮುಟ್ಟಬೇಡ. ನಿನ್ನ ದಮ್ಮಯ್ಯ.

ಗುಂಗುರು


ಆಗಸ್ಟ್ ೪

ಗುಂಗುರು,

ಕಾಗದ ಬರೆಯುತ್ತಿದ್ದೇನೆ. ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಗಡಿಯಾರ ಸಿಸ್ಟರಿಗೆ ಈಚೆಗೆ ಕಣ್ಣು ಮಂಜು.

ಸಿಸ್ಟರ್, ಓದಿಕೊಳ್ಳಿ. ನೀವು ಪಟ್ಟಿ ತರಲು ಹೋದಾಗಲೆಲ್ಲ ನಾನು ಗಾಯಕ್ಕೆ ಪಟಿಕ ಒರೆಸುತ್ತಿದ್ದೆ. ನನ್ನ ಮಗಳ ಪಟ್ಟಿ ಸೋತಿಲ್ಲ. ನಾನು ಕೆಡಿಸಿದೆ. ಡಾಕ್ಟರಿಗೆ ತೋರಿಸಿ. ಪಕ್ಕದ ಕೋಣೆಯವರ ಅರ್ಜಿಯನ್ನು ಮತ್ತೆ ಮೇಲಕ್ಕೆ ಎತ್ತಿ.

ಇನ್ನು ನಿನಗೆ. ನನ್ನ ಕುರ್ಚಿಯಿಂದ ಗೀರಿನ ಮೇಲೆ ಪಟಿಕ ಬೀಳದೆ ಎದ್ದು ಹೋದವನಿಲ್ಲ, ಅದು ಅಂಗಡಿಯ ಮರ್ಯಾದೆ. ನೀನು ಅಷ್ಟು ದೂರದಲ್ಲಿ ಕೂತು ಪಟ್ಟಿ ಮಾಡುವಾಗ ನಾನು ಬರೀ ಕಾಲು ಚಾಚಿ ಕೂರುವುದೇ? ಇಬ್ಬರೂ ಸೇರಿ ಮಾಯಿಸಿದ ಹಾಗಾಗುತ್ತದೆ ಎಂದುಕೊಂಡೆ. ಎಷ್ಟು ಶ್ರದ್ಧೆಯಿಂದ ಒರೆಸಿದೆ ಎಂದರೆ, ಒಂದು ದಿನವೂ ತಪ್ಪಿಸಿಲ್ಲ. ಉರಿದರೆ ಕೆಲಸ ಮಾಡುತ್ತಿದೆ ಎಂದು ಖುಷಿಪಟ್ಟೆ.

ಸುಮ್ಮನಿರುವ ವಿಷಯ ಯೋಚಿಸದೆ ಇರಲಿಲ್ಲ. ನಿನ್ನೆ ಇಡೀ ದಿನ ಯೋಚಿಸಿದೆ. ಸಂಜೆ ಡ್ರೈವರಮ್ಮ ಗೋಡೆ ತಟ್ಟಿದಳು. ತಿರುಗಿ ತಟ್ಟಲು ನನಗೆ ಕೈ ಬರಲಿಲ್ಲ. ಮತ್ತೆ ತಟ್ಟಿದಳು, ಮತ್ತೆ. ನನಗೇನೋ ಆಗಿದೆ ಎಂದು ಹೆದರಿ ಸಿಸ್ಟರನ್ನು ಕಳಿಸಿದಳು. ಸಿಸ್ಟರ್ ಓಡಿ ಬಂದು "ಏನಾಯ್ತು?" ಎಂದು ಬರೆದರು. ಬೆಳಿಗ್ಗೆ ಎದ್ದು ಈ ಹಾಳೆ ತೆಗೆದುಕೊಂಡೆ.

ನೀನು ನಾಚಿಕೆ ಪಡಬೇಡ. ಅಪ್ಪನ ಕಾಲು ಉಳಿಯಲಿ ಎಂದು ಮಗಳು ಯೋಚಿಸದೆ ಇನ್ನು ಯಾರು ಯೋಚಿಸುತ್ತಾರೆ, ಚಿಕ್ಕಪ್ಪನೇ? ಈಗ ಇದನ್ನು ಗಾಜಿಗೆ ಹಿಡಿಯುತ್ತೇನೆ.

ನಿನ್ನ ಅಪ್ಪ

ಹಿಡಿದ ಮೇಲೆ ಬರೆದದ್ದು, ಇದನ್ನೂ ಗಾಜಿಗೆ ಹಿಡಿಯುತ್ತೇನೆ: ಸಿಸ್ಟರ್ ಫೋಟೋ ಹೊಡೆಯುತ್ತಾ ನಡುವೆ ಕೈ ಇಳಿಸಿದರು. ಮತ್ತೊಮ್ಮೆ ಓದಿದರು. ಒಳಗೆ ಬಂದು ಬೋರ್ಡಿನ ಮೇಲೆ ಮೊದಲ ಸಲ ಮೂರು ಪದಕ್ಕಿಂತ ಹೆಚ್ಚು ಬರೆದರು: "ನಿಮ್ಮನ್ನ ಒಬ್ಬರನ್ನೇ ಬಿಟ್ಟು ಹೋಗಿದ್ದು ನಾನೇ ಅಲ್ವಾ." ಆಮೇಲೆ ಹಳದಿ ಚೀಲದ ಬಾಯಿ ತೆರೆದು ಹಿಡಿದರು. ಇಲ್ಲಿಯ ಕಸವನ್ನೆಲ್ಲ ಅದರಲ್ಲಿ ತುಂಬಿ ಸುಡುತ್ತಾರೆ. ಪಟಿಕ ಹಾಕಿದೆ. ಇಷ್ಟು ವರ್ಷ ಹಿಡಿದು ಹಿಡಿದು ನನ್ನ ಅಂಗೈಯ ಆಕಾರಕ್ಕೇ ಸವೆದಿತ್ತು.


ಆಗಸ್ಟ್ ೧೯

ಅಪ್ಪಾ,

ಅನುಮತಿ ಉಳಿಯಿತು. ಸಮಿತಿಯವರೊಬ್ಬರು ನಿನ್ನ ಕಾಗದದ ಫೋಟೋ ಓದಿ, "ಈ ಮನುಷ್ಯ ಬಾಯಿ ಮುಚ್ಚಿಕೊಂಡಿದ್ರೆ ನಾವು ಒಳ್ಳೇ ಪಟ್ಟೀನ ಕಸಕ್ಕೆ ಹಾಕ್ತಿದ್ವಿ" ಎಂದರಂತೆ. ಮೇಡಂ ಹೇಳಿದರು. ಔಷಧಿ ಹಚ್ಚಬಾರದು ಎಂದಿದ್ದ ಸೂಚನೆಯನ್ನು ಬದಲಿಸಿದ್ದೇವೆ. ಈಗ ಅದು ಹೀಗಿದೆ: ಔಷಧಿಯನ್ನಷ್ಟೇ ಅಲ್ಲ, ನೀವು ಔಷಧಿ ಎಂದುಕೊಳ್ಳದ ಯಾವುದನ್ನೂ ಹಚ್ಚಬೇಡಿ. ಓದಿದವರೆಲ್ಲ ಹೀಗೇಕೆ ಬರೆದಿದ್ದೀರಿ ಎನ್ನುತ್ತಾರೆ. ನಾನು ಹೇಳುವುದಿಲ್ಲ.

ಸಿಸ್ಟರ್ ಕಳಿಸಿದ ಫೋಟೋ ನೋಡಿದೆ. ಕೀವಿಲ್ಲ! ನಡುವೆ ಕೆಂಪು ಮಾಂಸ ತುಂಬುತ್ತಿದೆ. ಫೋನಿನ ಬೆಳಕು ಹೆಚ್ಚಿಸಿ, ಕಡಿಮೆ ಮಾಡಿ, ಮತ್ತೆ ಹೆಚ್ಚಿಸಿ ನೋಡಿದೆ. ವಾಸನೆ ಹೋಯಿತೇ? ಜ್ವರ ಬರುತ್ತಿದೆಯೇ? ಮೂಳೆ ಡಾಕ್ಟರು ಏನಂದರು? ನೀನು ಕಾಗದ ಬರೆದು ತುಂಬ ದಿನವಾಯಿತು.

ಡ್ರೈವರಮ್ಮನಿಗೂ ಪಟ್ಟಿ ಹೊರಟಿದೆ. ಅವರದು ದೊಡ್ಡ ಗಾಯ, ದಿನಕ್ಕೆ ಎರಡರಂತೆ ಬ್ಯಾಚಿನ ಮೇಲೆ ಬ್ಯಾಚು ಮಾಡುತ್ತಿದ್ದೇನೆ. ನಾನು ಒಂದು ದಿನ ಬಿಟ್ಟರೂ ಅವರದು ನಿಲ್ಲುತ್ತದೆ. ಜೊತೆಗಾತಿ ರಜೆ ಮುಗಿಸಿ ಬರಲಿ, ಆಮೇಲೆ ನನ್ನನ್ನು ಯಾರು ತಡೆಯುತ್ತಾರೆ ನೋಡೋಣ.

ಬೇಗ ಬರೆ. ಎರಡೇ ಸಾಲಾದರೂ ಬರೆ.

ಗುಂಗುರು


ಸೆಪ್ಟೆಂಬರ್ ೨೧

ಗುಂಗುರು,

ಈ ಕಾಗದವನ್ನು ಗಾಜಿಗೆ ಹಿಡಿದಿಲ್ಲ. ಗಡಿಯಾರ ಸಿಸ್ಟರ್ ಲಕೋಟೆ ತಂದುಕೊಟ್ಟರು, ನಾನೇ ಅಂಟಿಸುತ್ತೇನೆ. ನನ್ನ ಕೈ ಮುಟ್ಟಿದ ಹಾಳೆ ನಿನ್ನ ಕೈಗೆ ಬರುತ್ತದೆ. ನಾನು ಆ ಕೋಣೆಯಿಂದ ಹೊರಗೆ ಬಂದಿದ್ದೇನೆ. ಇಲ್ಲಿ ಸಾಲು ಮಂಚಗಳು, ಯಾರಿಗೂ ಮಾಸ್ಕ್ ಇಲ್ಲ, ಎಲ್ಲಿ ನೋಡಿದರೂ ತುಟಿಗಳು. ಪಕ್ಕದ ಮಂಚದವನು ದಿನವಿಡೀ ಹೆಂಡತಿಯನ್ನು ಬೈಯುವುದು ನನಗೆ ಪೂರ್ತಿ ಅರ್ಥವಾಗುತ್ತದೆ. ಇಷ್ಟು ಸುಖವಾಗಿ ಬೈಗುಳ ನೋಡಿ ಎಷ್ಟೋ ದಿನವಾಗಿತ್ತು.

ಈಗ ಉಳಿದದ್ದು ಹೇಳುತ್ತೇನೆ. ನೀನು ಫೋಟೋದಲ್ಲಿ ನೋಡಿದ್ದು ನಿಜ. ನಿನ್ನ ಪಟ್ಟಿ ಮುಟ್ಟಿದಲ್ಲೆಲ್ಲ ಗೆದ್ದಿತು, ಮೂಳೆ ಡಾಕ್ಟರೇ ಬಂದು ಬಗ್ಗಿ ಬಗ್ಗಿ ನೋಡಿದರು. ಆದರೆ ಜ್ವರ ಬಿಡಲಿಲ್ಲ. ಮೂಳೆಯ ಚಿತ್ರ ತೆಗೆಸಿದರು. ಅಷ್ಟರಲ್ಲಿ ರೋಗಾಣು ಒಳಗೆ ಮೂಳೆಗೆ ಇಳಿದಿತ್ತು. ಪಟ್ಟಿ ಮೇಲೆ ಕೆಲಸ ಮಾಡುತ್ತದೆ, ಮೂಳೆಯೊಳಗೆ ಹೋಗುವುದಿಲ್ಲ. ಇದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಆಗಸ್ಟ್ ಕೊನೆಯಲ್ಲಿ ತೆಗೆದರು, ಮಂಡಿಯ ಕೆಳಗೆ.

ನೀನು ಒಂದರ ಮೇಲೊಂದು ಬರೆದ ಕಾಗದಗಳೆಲ್ಲ ನನ್ನ ದಿಂಬಿನ ಕೆಳಗಿವೆ. ಸಿಸ್ಟರಿಗೆ ಕೈಮುಗಿದು, "ನನ್ನ ಮಗಳಿಗೆ ಹೇಳ್ಬೇಡಿ" ಎಂದು ಬೇಡಿಕೊಂಡಿದ್ದೆ. ಹೇಳಿದ್ದರೆ ನೀನು ನಿಂತ ಕಾಲಲ್ಲಿ ಬಂದುಬಿಡುತ್ತಿದ್ದೆ. ಬಂದಿದ್ದರೆ ಡ್ರೈವರಮ್ಮನ ಪಟ್ಟಿ ಅರ್ಧಕ್ಕೆ ನಿಲ್ಲುತ್ತಿತ್ತು. ನನ್ನ ಕಾಲು ಹೇಗೂ ಹೋಗುವುದಿತ್ತು, ಅವಳ ತೋಳು ಯಾಕೆ ಹೋಗಬೇಕು? ನಿನಗೆ ಸಿಟ್ಟು ಬರುತ್ತದೆ. ಒಂದು ದಿನ ಪೂರ್ತಿ ಮಾಡಿಕೋ, ನಾನೂ ಮಾಡಿಕೊಂಡಿದ್ದೆನಲ್ಲ.

"ನೀವು ಬಂದಾಗ್ಲೇ ಮೂಳೆಗೆ ಇಳಿದಿತ್ತೋ ಏನೋ, ಪಟಿಕ ಹಚ್ಚದೆ ಇದ್ರೂ ಹೋಗ್ತಿತ್ತೇನೋ" ಎಂದು ಡಾಕ್ಟರು ಹೇಳಿದರು. ಮಾಸ್ಕ್ ಕೆಳಗೆ ಎಳೆದು ಹೇಳಿದರು, ತುಟಿ ನೋಡಿದೆ. ನಿಜವೋ, ಮುದುಕನಿಗೆ ಸಮಾಧಾನ ಹೇಳಿದರೋ ತಿಳಿಯಲಿಲ್ಲ. ನಾನಂತೂ ನಂಬಿದ್ದೇನೆ, ನಿದ್ದೆ ಬರಬೇಕಲ್ಲ. ನೀನೂ ನಂಬು.

ಡ್ರೈವರಮ್ಮ ಮೊನ್ನೆ ಮನೆಗೆ ಹೋದಳು. ಹೋಗುವ ಮೊದಲು ಇಲ್ಲಿಗೆ ಬಂದಿದ್ದಳು. ನಾನು ಎತ್ತರದ ಹೆಂಗಸು ಎಂದುಕೊಂಡಿದ್ದೆ, ನೋಡಿದರೆ ನಿನ್ನ ಭುಜಕ್ಕೆ ಬರುತ್ತಾಳೆ. ತೋಳು ಮಡಿಸಿ, ಚಾಚಿ, ಸ್ಟೀರಿಂಗ್ ತಿರುಗಿಸುವ ಹಾಗೆ ತೋರಿಸಿದಳು. ಆಮೇಲೆ ನನ್ನ ಮಂಚದ ಕಟ್ಟನ್ನು ತಟ್ಟಿದಳು, ಗೋಡೆ ತಟ್ಟಿದ ಹಾಗೇ. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅವಳೂ ಅತ್ತಳು. ಕಿಣ್ವ ಎಷ್ಟು ದಂಡವಾಯಿತೋ.

ಅಂಗಡಿಗೆ ಎತ್ತರದ ತಿರುಗು ಸ್ಟೂಲ್ ಒಂದು ಮಾಡಿಸು ಎಂದು ಚಿಕ್ಕಪ್ಪನಿಗೆ ಹೇಳಿದ್ದೇನೆ. ಮೊದಲ ಕತ್ತನ್ನು ಅವನೇ ಚಾಚಬೇಕು, ಬಿಡುವುದಿಲ್ಲ.

ನಿನ್ನ ಜೊತೆಗಾತಿ ರಜೆ ಮುಗಿಸಿ ಬಂದಳು ಎಂದು ಬರೆದಿದ್ದೀಯ. ಇಲ್ಲಿ ನನಗೆ ಇನ್ನು ನಿನ್ನ ಪಟ್ಟಿ ಬೇಡ. ಈಗ ನೀನು ಬರಬಹುದು.

ನಿನ್ನ ಅಪ್ಪ